ಹಿಂದಕ್ಕೆ ಬರ್ಲಿ

ಜಗಳೂರು ದಾಟಿ ಡಾಂಬರು ಕೈಬಿಟ್ಟ ಮೇಲೆ
ಹಯಾತ್‌ಸಾಬರ ಜೀಪಿಗೆ ಬಾಯಿ ಬಂತು.
ಅಲ್ಲಿಯವರೆಗೆ ಅದು ಬರೀ ಗಾಡಿ;
ಈಗ ಗೊಣಗುವ, ಕೆಮ್ಮುವ,
ದಿಣ್ಣೆಗೊಮ್ಮೆ ದೇವರ ಹೆಸರು ಹೇಳುವ ಮುದಿ ನೆಂಟ.

ನನ್ನ ತೊಡೆಯ ಮೇಲೆ ರಟ್ಟು, ರಟ್ಟಿನ ಮೇಲೆ ನಮೂನೆ:
ಇಳಿಜಾರು, ತಿರುವು, ಕಲ್ಲು, ನೀರು,
ಪ್ರವಾಸಿ ಜೀಪುಗಳಿಗೆ ಯೋಗ್ಯವೇ, ಹೌದು ಅಥವಾ ಅಲ್ಲ.

ರಂಗಯ್ಯನದುರ್ಗದ ಕಾಡು ಇದು. ಕಾಡೆಂದ ಮಾತ್ರಕ್ಕೆ
ನೆರಳು ಹುಡುಕಬೇಡಿ.
ಕಾದ ಹಂಚಿನ ಬಣ್ಣದ ಗುಡ್ಡ,
ಗುಡ್ಡದ ಮೈಗೆ ಹಟ ಹಿಡಿದು ನಿಂತ ಕಮರ, ಬಂದರೆ, ಕಾರೆಮುಳ್ಳು,
ಎರಡು ಗಾಲಿಜಾಡು, ನಡುವೆ ಮೊಣಕಾಲುದ್ದದ ಒಣಹುಲ್ಲು
ಜೀಪಿನ ಹೊಟ್ಟೆಯನ್ನು ಉಜ್ಜುತ್ತ, ಸರಸರ, ಸರಸರ.

ಹಿಂದೆ ಕೂತವನು ವಾಚರ್ ಪಾಲಯ್ಯ,
ಕಬ್ಬಿಣದ ಸರಳು ಹಿಡಿದು, ಮಾತಿಲ್ಲದೆ.
ನಾನೇ ಕೇಳಿದೆ: ಕರಡಿ? ಚಿರತೆ?
"ಇರ್ತಾವೆ" ಅಂದ,
ತನ್ನ ಓಣಿಯವರ ಬಗ್ಗೆ ಹೇಳುವ ಹಾಗೆ.

ಒಂದು ತಿರುವಿನಲ್ಲಿ ಕೌಜುಗಗಳು ಬುರ್ರೆಂದು ಸಿಡಿದವು.
ಮೂರನೆಯ ಹಳ್ಳ. ಮರಳು. ಸಣ್ಣ ಗೇರು.
ಏರಿದೆವು. ಏರುವಾಗ ಗಾಜಿನ ತುಂಬ ಆಕಾಶ, ಬರೀ ಆಕಾಶ,
ಆಮೇಲೆ ದೂರದ ದಿನ್ನೆಯಲ್ಲಿ ಗಾಳಿಫ್ಯಾನುಗಳು,
ಯಾರನ್ನೋ ಕರೆಯುತ್ತ, ಬೇಡವೆನ್ನುತ್ತ, ಮತ್ತೆ ಕರೆಯುತ್ತ.
ನಾನು ಬರೆದೆ: ನೋಟ ಚೆನ್ನಾಗಿದೆ.
ಅದಕ್ಕೆ ಅಂಕಣವಿರಲಿಲ್ಲ, ಅಂಚಿನಲ್ಲಿ ಬರೆದೆ.

ಆಗ ಪಾಲಯ್ಯ ಸರಳಿಗೆ ಉಂಗುರ ಬಡಿದ. ಟಣ್. ಟಣ್.

ಎಡಗಡೆಯ ಗಾಲಿಜಾಡಿನಲ್ಲೇ ಒಂದು ಗುಡ್ಡೆ.
ಈಚಲ ಬೀಜದಂಥ ಹಿಕ್ಕೆ,
ತಳದಲ್ಲಿ ಬೂದಿಯಾದದ್ದು, ಮೇಲೆ
ಇವತ್ತಿನದು, ಇನ್ನೂ ಹೊಳೆಯುವುದು.
"ಕೊಂಡುಕುರಿ. ದಿನಾ ಇಲ್ಲಿಗೇ ಬರ್ತೈತೆ.
ಮನೆ ನಂಬರ್ ಇದ್ದಂಗೆ ಅದಕ್ಕೆ."
ನಾಲ್ಕು ಕೋಡೆಂದು ನಾಲ್ಕು ಬೆರಳು ಹಣೆಗಿಟ್ಟು ತೋರಿಸಿದ.

ಬಲಕ್ಕೆ ಬಂಡೆ, ಎಡಕ್ಕೆ ಕೊರಕಲು.
"ಮ್ಯಾಲೆ ಹತ್ತಿಸಿಬಿಟ್ರೆ?" ಎಂದರು ಹಯಾತ್‌ಸಾಬರು.
ಪಾಲಯ್ಯ ಇಳಿದು ಹೋಗಿ
ಗುಡ್ಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತ,
ತಡವಾದ ಬಸ್ಸಿಗೆ ಕಾಯುವವನ ಹಾಗೆ.

ಸಾಬರು ಟೋಪಿ ತೆಗೆದರು, ತಲೆ ಕೆರೆದರು, ಟೋಪಿ ಹಾಕಿದರು.
"ನಲವತ್ತು ವರ್ಷ ಗಾಡಿ ಓಡ್ಸೀನಿ.
ಆಫೀಸರಿಗೆ ದಾರಿ ಬಿಟ್ಟೀನಿ, ಹೆಣಕ್ಕೆ ಬಿಟ್ಟೀನಿ, ದಿಬ್ಬಣಕ್ಕೆ ಬಿಟ್ಟೀನಿ."
ಮುಂದಿನದನ್ನು ಹೇಳದೆ ರಿವರ್ಸ್ ಹಾಕಿದರು.

ಜೀಪಿಗೆ ಕನ್ನಡಿಯಿಲ್ಲ. ನಾನಿಳಿದೆ.
ಬರ್ಲಿ, ಬರ್ಲಿ, ಬರ್ಲಿ.
ಸ್ವಲ್ಪ ಲೆಫ್ಟು. ಬರ್ಲಿ. ಕಲ್ಲು, ಕಲ್ಲು!
ಬೆನ್ನು ಹಾಕಿ ನಡೆಯುತ್ತ ಇಳಿದೆ,
ಚಪ್ಪಲಿಗೆ ಕಾರೆಮುಳ್ಳು, ಸೆರಗಿಗೆ ಊಬು,
ಹಳ್ಳದ ಮರಳು ಕಾಲಿಗೆ ಸಿಕ್ಕಿದಾಗ ತಿರುಗಿ ನೋಡಿದೆ.

ಹೋಲ್ಡಾನ್!

ನಮ್ಮ ಟೈರು ಬಿಡಿಸಿದ ಹೂವಿನ ಮೇಲೆ,
ಈಗಷ್ಟೇ, ಅರ್ಧ ಗಂಟೆಯೂ ಆಗದ ಹೂವಿನ ಮೇಲೆ,
ಪುಟ್ಟ ಗೊರಸು. ಸೀಳಿದ ಅವರೆಬೇಳೆಯಷ್ಟು ಚೊಕ್ಕ.
ಒಂದು, ಮತ್ತೊಂದು, ಆಚೆ ದಡದ ತನಕ.
ನಾವು ಮೇಲೆ ಅದರ ಹೆಸರು ಹೇಳುತ್ತಿದ್ದಾಗ
ಅದು ಕೆಳಗೆ ನಮ್ಮನ್ನು ದಾಟಿಕೊಂಡು ಹೋಗಿತ್ತು.

ನಮೂನೆ ತೆಗೆದೆ.
ಹೌದು ಎಂಬುದಕ್ಕೂ ಅಲ್ಲ ಎಂಬುದಕ್ಕೂ ಗುರುತು ಹಾಕದೆ ಬರೆದೆ:
ಏಳೂವರೆ ಕಿಲೋಮೀಟರಿನಿಂದ ಮುಂದೆ
ರಸ್ತೆ ಬಳಕೆಯಲ್ಲಿದೆ.

"ಬರ್ಲಾ ಮೇಡಂ?" ಮೇಲಿಂದ ಸಾಬರು.
ಗೊರಸನ್ನು ತುಳಿಯದೆ ಜೀಪು ಹೇಗೆ ದಾಟಿಸುವುದು
ಎಂದು ಪಾಲಯ್ಯನನ್ನು ಕೇಳಿದೆ.
ಬೆಳಗಿನಿಂದ ಮೊದಲ ಸಲ ನಕ್ಕ.
"ಇದನ್ನ ತುಳೀಬೌದ್ರಿ. ಇದು ಹೋಗಿರೋದು.
ಅಲ್ಲಿ ಮ್ಯಾಲಿಂದು ಬರೋದು."